ನವೆಂಬರ್, ಮಲ್ಪೆ ಶಾಖೆ

ದೀಪಾವಳಿಯ ಪಟಾಕಿ ಕಾಗದ ಅಂಗಳದಲ್ಲಿರುವಾಗಲೇ
ಬರತೊಡಗುತ್ತಾರೆ ಪಿಂಚಣಿಯವರು,
ತಾವು ಸತ್ತಿಲ್ಲವೆಂದು ಹೇಳಲು.
ವರ್ಷಕ್ಕೊಮ್ಮೆ ಹೇಳಬೇಕು. ನಿಯಮ.
ನಾನು ಮೂರನೇ ಕೌಂಟರಿನವಳು,
ಕೇಳಬೇಕಾದವಳು.

ಅಂಗರ ಕುಂದರ್, ಹವಾಲ್ದಾರ್, ನಿವೃತ್ತ.
ಟೋಕನ್ ನಲವತ್ತೊಂದು.
ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಪಾಸ್‌ಬುಕ್,
ಕೈಚೀಲದಿಂದ ಒಂದಿಷ್ಟು ಬಂಗುಡೆಯ ವಾಸನೆ.

ಮೊದಲ ವರ್ಷ ತಲೆಯೆತ್ತದೆ ಹೇಳಿದ್ದೆ,
"ಹೆಬ್ಬೆರಳು ಇಡಿ ಅಜ್ಜಾ."
ಯಂತ್ರ ಕೆಂಪಾಯಿತು.
"ಇನ್ನೊಂದು ಕೈಯದ್ದು." ಕೆಂಪು.
"ಬೇರೆ ಯಾವುದಾದರೂ ಬೆರಳು..."
ಆಗ ನೋಡಿದೆ.
ಬಲಗೈಯಲ್ಲಿ ಮೂರು ಇಲ್ಲ.
ಎಡಗೈ ಹೆಬ್ಬೆರಳು ಅರ್ಧಕ್ಕೇ ನಿಂತಿದೆ.
ಉಳಿದವುಗಳ ಗೆರೆಗಳನ್ನು
ಬಲೆಯ ನೈಲಾನ್ ನೂಲು ತಿಂದಿದೆ.

ಅವರೇ ನನ್ನನ್ನು ಸಮಾಧಾನಿಸಿದರು:
"ಅವು ರಿಟೈರ್ ಆಗಲಿಲ್ಲ ಮಗಾ,
ಅಲ್ಲೇ ಪೋಸ್ಟಿನಲ್ಲಿವೆ, ಹತ್ತೊಂಬತ್ತು ಸಾವಿರ ಅಡಿಯ ಹಿಮದಲ್ಲಿ.
ಜೊತೆಗೆ ಸೆಲ್ವರಾಜ ಇದ್ದಾನೆ.
ಅವನು ಪೂರ್ತಿ ಅಲ್ಲೇ."
ಸೆಲ್ವರಾಜ ಯಾರೆಂದು ನಾನು ಕೇಳಲಿಲ್ಲ.
ಹಿಂದೆ ನಲವತ್ತೆರಡನೇ ಟೋಕನ್ ಕೆಮ್ಮುತ್ತಿತ್ತು.

ಬ್ಯಾಂಕಿನಿಂದ ಬಂದರಿಗೆ ನಾಲ್ಕು ನಿಮಿಷ.
ದಾರಿಯಲ್ಲಿ ಐಸ್ ಪ್ಲಾಂಟ್,
ಹಗಲಿಡೀ ಗಡ್ಡೆ ಅರೆಯುವ ಸದ್ದು;
ಮೀನು ಕೆಡದಿರಲೆಂದು ಬೋಟುಗಳ ಹೊಟ್ಟೆಗೆ
ಬಿಳಿ ಪುಡಿ ಸುರಿಯುತ್ತಲೇ ಇರುತ್ತದೆ.
ಅಲ್ಲಿ ದುಡಿಯುವ ಹುಡುಗರು ಹೇಳುತ್ತಾರೆ,
ಕುಂದರಜ್ಜ ಈ ಗಲ್ಲಿಗೆ ಕಾಲಿಡುವುದಿಲ್ಲ,
ಮೀನು ಒಣಗುವ ಹೊಯಿಗೆ ದಾಟಿ
ಸುತ್ತು ಬಳಸಿಯೇ ಹೋಗುತ್ತಾರೆ.

ಆಗಸ್ಟಿನಲ್ಲಿ ಶಾಲೆಯವರು ಕರೆಯುತ್ತಾರೆ.
ಪೇಟ, ಹಣ್ಣಿನ ಬುಟ್ಟಿ, ಶಾಲು.
ಒಮ್ಮೆ ಫಲಕದಲ್ಲಿ "ಅಂಗಾರ" ಎಂದಿತ್ತಂತೆ.
"ಹನ್ನೊಂದು ಶಾಲು ಉಂಟು ಮನೆಯಲ್ಲಿ.
ಮಲ್ಪೆಯ ಸೆಕೆಗೆ ಯಾವುದನ್ನು ಹೊದೆಯಲಿ?
ಬೇಕಾದ ಊರಿಗೆ ಒಂದೂ ಬರಲಿಲ್ಲ."
ನಕ್ಕರು. ಅದು ದೂರಲ್ಲ, ಲೆಕ್ಕ.
ಕಳೆದ ವರ್ಷದ ಶಾಲನ್ನು ಅವರ ಹೆಂಡತಿ
ಹೊಲಿಗೆ ಮೆಷಿನ್ನಿಗೆ ಹೊದಿಸಿದ್ದಾರೆ.

ನನಗೂ ಏನೋ ಹೇಳಬೇಕಿತ್ತು.
ಗಾಜಿನ ಆಚೆ ಅವರು, ಈಚೆ ನಾನು,
ನಡುವೆ ಕೈ ತೂರುವಷ್ಟು ಅರ್ಧಚಂದ್ರದ ಕಂಡಿ.
ಕೃತಜ್ಞತೆ ಎಂಬ ಪದ ಅದರಲ್ಲಿ ಹಿಡಿಸುವುದಿಲ್ಲ.
ಥ್ಯಾಂಕ್ಸ್ ಅಂದರೆ
ನೂರಕ್ಕೆ ಚಿಲ್ಲರೆ ಕೊಟ್ಟವರಿಗೆ ಅಂದಂತೆ.

ಹಳೆಯ ಕಾಗದದ ಫಾರಂ ತೆಗೆದೆ. ನೀಲಿ ಶಾಯಿ.
"ಮೇಲ್ಕಂಡವರು ಈ ದಿನ ನನ್ನೆದುರು ಹಾಜರಾಗಿದ್ದು
ಬದುಕಿರುವುದನ್ನು ಖುದ್ದು ಕಂಡಿದ್ದೇನೆ."
ಮ್ಯಾನೇಜರ್ ಓದದೆ ಸಹಿ ಹಾಕುವ ಸಾಲು.
ನಾನು ಓದಿದೆ. ಎರಡು ಸಲ.
ಖುದ್ದು.
ಕಂಡಿದ್ದೇನೆ.

ಎರಡನೇ ವರ್ಷದಿಂದ ಯಂತ್ರ ಹೊರಗೆ ತೆಗೆಯುವುದಿಲ್ಲ.
ಕನ್ನಡವನ್ನೂ ಬದಿಗಿಟ್ಟು
"ಎಂಚ ಉಲ್ಲರ್?" ಎನ್ನುತ್ತೇನೆ.
"ಉಲ್ಲೆ" ಎನ್ನುತ್ತಾರೆ.
ಇದ್ದೇನೆ.
ಸರಕಾರ ಕೇಳುತ್ತಿದ್ದುದೂ ಇಷ್ಟನ್ನೇ.

ಇನ್ನೊಂದು, ತಡವಾಗಿ ಗಮನಿಸಿದ್ದು:
ಎ.ಸಿ.ಯ ಗಾಳಿ ಬೀಳುವುದು ಸರಿಯಾಗಿ ನನ್ನ ಕೌಂಟರಿನ ಮುಂದೆ.
ನಿಂತಷ್ಟೂ ಹೊತ್ತು ಅವರ ಕೈಗಳು ಕಂಕುಳಲ್ಲಿ.
ಇಲ್ಲದ ಬೆರಳುಗಳು ಸೆಳೆಯುತ್ತವಂತೆ;
ಹೇಳಿದ್ದು ಅವರಲ್ಲ, ಹೊಲಿಗೆ ಮೆಷಿನ್ನಿನ ಅಜ್ಜಿ.

ಈಗ ಅವರ ಟೋಕನಿಗೆ ಇನ್ನೆರಡು ಬಾಕಿ ಇರುವಾಗಲೇ
ಡ್ರಾಯರಿನೊಳಗೆ ರಿಮೋಟ್ ಒತ್ತುತ್ತೇನೆ.
ಎರಡೂ ಕೈ ಮೆಲ್ಲಗೆ ಹೊರಬಂದು
ಕಟ್ಟೆಯ ಮೇಲೆ ಕೂರುತ್ತವೆ.
ನಾನು ನೋಡುವುದಿಲ್ಲ, ಅವರು ಕೇಳುವುದಿಲ್ಲ.

ಸೆಕೆ ಏರುತ್ತದೆ. ಬೋಟ್ ಸಾಲದವರು
ಪಾಸ್‌ಬುಕ್ಕಿನಲ್ಲಿ ಗಾಳಿ ಹಾಕಿಕೊಳ್ಳುತ್ತಾರೆ.
"ಏನು ಮೇಡಂ, ಎ.ಸಿ. ಮತ್ತೆ ಕೆಟ್ಟಿತಾ?"
"ಹೌದು ಮಾರಾಯ್ರೆ," ಎನ್ನುತ್ತೇನೆ
ಸೀಲು ಒತ್ತುತ್ತಾ,
"ಪ್ರತಿ ನವೆಂಬರಿನಲ್ಲೂ."